ಉಸಿರಿದೆ, ಬೇಗ ಹೊರಡಿ

ಆ ಆಸ್ಪತ್ರೆಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಊರೆಲ್ಲ ಹಾಗೇ ಹೇಳುತ್ತಿತ್ತು. ಹೇಳಿ ಹೇಳಿಯೇ ಊರು ಅದನ್ನು ಬೆಳೆಸಿತು.

ಜನ ಸಾಯುತ್ತಿದ್ದದ್ದು ದಾರಿಯಲ್ಲಿ. ಇಲ್ಲವೇ ಅವರವರ ಮನೆಯ ಹೊಸಿಲಲ್ಲಿ. ಅದೂ ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಜಗಲಿಯ ಮೇಲೆ. ಈ ಕಟ್ಟಡದೊಳಗೆ ಮಾತ್ರ ಇಲ್ಲ. ಅದು ಹೇಗೆ ಎಂದು ನೀರಕ್ಕನಿಗೆ ಗೊತ್ತಿತ್ತು. ಆ ಕೆಲಸವನ್ನು ತನ್ನ ಬಲಗೈಯಿಂದ ಮಾಡುತ್ತಿದ್ದವಳು ಅವಳೇ.

ಅವಳು ಬಂದಾಗ ಆಸ್ಪತ್ರೆ ಅಂದರೆ ಎರಡು ಕೋಣೆ. ಹಳೇ ಗೋದಾಮಿನ ಪಕ್ಕ, ಮಣ್ಣಿನ ನೆಲ, ಒಂದು ಮಂಚ, ಒಂದು ಬೆಂಚು. ಡಾಕ್ಟರಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಹೆರಿಗೆಗೆ, ಗಾಯಕ್ಕೆ, ಸೂಜಿಗೆ, ಎಲ್ಲದಕ್ಕೂ ಬಿಸಿನೀರು ಬೇಕು. ಬೆಳಗಾಗುವ ಮೊದಲೇ ಒಲೆ ಹೊತ್ತಿಸಿ ಹಂಡೆ ಕಾಯಿಸುತ್ತಿದ್ದವಳು ಇವಳು. 'ಅಕ್ಕಾ, ನೀರು' ಎಂದು ಡಾಕ್ಟರು ಕೂಗುತ್ತಿದ್ದರು. ಹಾಗೆ ನೀರಕ್ಕ ಆದಳು. ತಾಯಿ ಇಟ್ಟ ಹೆಸರು ಹಂಡೆಯ ಹೊಗೆಯಲ್ಲಿ ಹೋಯಿತು.

ಅವಳ ಗಂಡ ಉದ್ದನೆಯ ಆಳು. ಗೋಡೆಗೆ ಸುಣ್ಣ ಹೊಡೆಯಲು ಅವನಿಗೆ ಸ್ಟೂಲೂ ಬೇಕಿರಲಿಲ್ಲ. ಅವನಿಗೆ ಏಣಿ ಎಂದು ಹೆಸರಾಯಿತು. ಆಸ್ಪತ್ರೆಯ ಮೊದಲ ಕಕ್ಕಸು ಗುಂಡಿ ತೋಡಿದವನು ಅವನೇ. ಇಬ್ಬರಿಗೂ ಸಂಬಳ ಎಂಬ ಮಾತು ಆಗ ಇರಲಿಲ್ಲ. 'ಆಸ್ಪತ್ರೆ ನಿಂತ್ಕೊಳ್ಲಿ ಅಕ್ಕ, ನಾವೆಲ್ಲ ಒಂದೇ ಮನೆಯವರು' ಎನ್ನುತ್ತಿದ್ದರು ಡಾಕ್ಟರು. ಅವಳ ಪಾತ್ರೆಯಿಂದಲೇ ಗಂಜಿ ಬಡಿಸಿಕೊಂಡು ಉಣ್ಣುತ್ತಿದ್ದರು. ಮನೆಯವರಿಗೆ ಯಾರು ಸಂಬಳ ಕೊಡುತ್ತಾರೆ?

ಮೊದಲ ವರ್ಷ ಒಬ್ಬ ಗಾರೆಯವನು ಆ ಮಂಚದ ಮೇಲೆ ಸತ್ತ. ಎದೆನೋವೆಂದು ನಡೆದುಕೊಂಡೇ ಬಂದಿದ್ದವನು. ಅವನ ಕಡೆಯವರು ಕಿಟಕಿ ಒಡೆದರು. ಡಾಕ್ಟರ ಕೈಗುಣ ಸರಿಯಿಲ್ಲ ಎಂದು ಬೀದಿಬೀದಿಯಲ್ಲಿ ಆಡಿಕೊಂಡರು. ಬೆಂಚು ಖಾಲಿಯಾಯಿತು. ಹಂಡೆಯ ನೀರು ಕಾದು ಕಾದು ಆರಿತು.

ಆಮೇಲೊಂದು ದಿನ ಒಬ್ಬಳು ಮುದುಕಿಯನ್ನು ತಂದರು. ಡಾಕ್ಟರು ನಾಡಿ ಹಿಡಿದರು. ಬಿಟ್ಟರು. ಹಿತ್ತಿಲಿಗೆ ಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಹೋಗ್ಬಿಟ್ಲು ಅಕ್ಕ."

"ಅಯ್ಯೋ ಪಾಪ."

"ಇಲ್ಲಿ ಹೋದ್ಲು ಅಂದ್ರೆ ನಾಳೆ ನಾನೂ ಇಲ್ಲ, ನೀನೂ ಇಲ್ಲ. ನನ್ನ ಬಾಯಲ್ಲಿ ಸುಳ್ಳು ಬರಲ್ಲ. ನೀನು ಹೇಳು. ಉಸಿರಿದೆ, ಬೇಗ ಹೊರಡಿ ಅನ್ನು. ಕೊನೇ ಉಸಿರು ಮನೇಲಿ ಹೋಯ್ತು ಅಂತ ಅವ್ರಿಗೂ ಒಂದು ಸಮಾಧಾನ."

ಅವಳು ಹೊರಗೆ ಹೋಗಿ ಹೇಳಿದಳು. ಮುದುಕಿಯ ಹೆಣ್ಣುಮಕ್ಕಳು ಅವಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಗಾಡಿ ಹೊಡೆದುಕೊಂಡು ಹೋದರು. ಮನೆ ಮುಟ್ಟುವಾಗ ಹೋಯಿತಂತೆ, ಡಾಕ್ಟರು ಕೊನೆಯವರೆಗೂ ಜೀವ ಹಿಡಿದಿಟ್ಟಿದ್ದರಂತೆ ಎಂದು ಊರು ಮಾತಾಡಿತು. ಬೆಂಚಿನ ಮೇಲೆ ಮತ್ತೆ ಜನ ಕೂತರು.

ನೀರಕ್ಕ ಆ ದಿನ ದೇವರ ಮುಂದೆ ನಿಂತು ಕೇಳಿದಳು, ಇದು ಪುಣ್ಯವೋ ಪಾಪವೋ ಎಂದು. ದೇವರು ಸುಮ್ಮನಿದ್ದ. ಸುಮ್ಮನಿದ್ದಾನೆಂದರೆ ಒಪ್ಪಿದ್ದಾನೆ ಎಂದುಕೊಂಡಳು. ಬಡವರು ದೇವರ ಮೌನವನ್ನು ಹೀಗೇ ಓದಿಕೊಳ್ಳುತ್ತಾರೆ. ಬೇರೆ ರೀತಿ ಓದಿದರೆ ಬದುಕುವುದು ಹೇಗೆ?

ಎರಡು ಕೋಣೆ ಆರಾಯಿತು. ಮಣ್ಣಿನ ನೆಲ ಹೋಗಿ ಕಲ್ಲು ಬಂತು. ಗೋದಾಮನ್ನೂ ಕೊಂಡುಕೊಂಡರು. ಮಹಡಿ ಎದ್ದಿತು. ಮಹಡಿಯ ಮೇಲೆ ಮಹಡಿ. ಇಟ್ಟಿಗೆ ಹೊತ್ತದ್ದು ಏಣಿ. ಹೊಸ ಮಹಡಿಯ ರಕ್ತ, ಕೀವು, ವಾಂತಿ ಬಳಿದದ್ದು ನೀರಕ್ಕ. ಆಸ್ಪತ್ರೆ ಮೇಲೆ ಮೇಲೆ ಹೋದಹಾಗೆ ಇವರು ಕೆಳಗೆ ಕೆಳಗೆ ಇಳಿದರು. ಮೊದಲು ಡಾಕ್ಟರ ಕೋಣೆಯ ಪಕ್ಕ ಮಲಗುತ್ತಿದ್ದರು. ಆಮೇಲೆ ಮೆಟ್ಟಿಲ ಕೆಳಗೆ. ಆಮೇಲೆ ಜನರೇಟರ್ ಕೋಣೆಯ ಹಿಂದೆ ತಗಡಿನ ಸೂರಿಗೆ. ಲಿಫ್ಟು ಬಂದ ದಿನ ಕಸದವರು ಹತ್ತಬಾರದು ಎಂದು ಹೇಳಿದರು. ಏಳನೆಯ ಮಹಡಿಯ ಕೊಳಕು ಬಟ್ಟೆಯ ಗಂಟು ಅವಳ ತಲೆಯ ಮೇಲೆಯೇ ಮೆಟ್ಟಿಲಿಳಿಯಿತು. ಮಂಡಿ ಊದಿತು. ಡಾಕ್ಟರಿಗೆ ಮಗ ಹುಟ್ಟಿ, ಓದಿ, ಅವನೂ ಡಾಕ್ಟರಾಗಿ ಬಂದ. ಅಪ್ಪ ದೊಡ್ಡ ಡಾಕ್ಟರಾದರು, ಮಗ ಚಿಕ್ಕ ಡಾಕ್ಟರಾದ. ಹುಟ್ಟಿದಾಗ ಅವನಿಗೆ ಮೊದಲ ನೀರು ಹಾಕಿದವಳು ಇವಳು. ಅವನು ಇವಳನ್ನು ಕರೆಯುತ್ತಿದ್ದದ್ದು 'ಏಯ್, ಇವಳೇ' ಎಂದು. ಅವನು ಬಂದ ಮೇಲೆ ಕಸದವರನ್ನೆಲ್ಲ ಗುತ್ತಿಗೆದಾರನ ಕೈಗೆ ಕೊಟ್ಟರು. ಒಂದೇ ಮನೆಯವರು ಒಂದು ಬೆಳಗ್ಗೆ ಎದ್ದು ನೋಡಿದರೆ ಹೊರಗಿನವರಾಗಿದ್ದರು.

ಹೋಗದೆ ಉಳಿದದ್ದು ಒಂದೇ. ಆ ಮಾತು.

ಆಸ್ಪತ್ರೆಗೆ ವ್ಯಾನು ಬಂತು. ವ್ಯಾನಿನ ಜೊತೆ ರಬ್ಬರಿನ ಗಾಳಿಚೀಲವೂ ಬಂತು. ಮೂಗು ಬಾಯಿಗೆ ಮಾಸ್ಕು ಹಾಕಿ ಚೀಲ ಒತ್ತಿದರೆ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಜೀವ ಇರುವವರದೂ ಏಳುತ್ತದೆ, ಇಲ್ಲದವರದೂ ಏಳುತ್ತದೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೆಣದ ಬಾಯಿಗೆ ಚೀಲ ಒತ್ತಲು ನರ್ಸುಗಳ ಕೈ ನಡುಗಿತು. "ನೀರಕ್ಕನ್ನ ಕಳಿಸಿ, ಅವಳ ಕೈ ನಡುಗಲ್ಲ" ಎಂದರು ದೊಡ್ಡ ಡಾಕ್ಟರು. ಅಂದಿನಿಂದ ಅದು ಅವಳ ಕೆಲಸ. 'ಉಸಿರಿದೆ, ಬೇಗ ಹೊರಡಿ' ಎನ್ನುವುದು. ವ್ಯಾನು ಹತ್ತುವುದು. ಗೇಟು ದಾಟುವುದು. ಒತ್ತುವುದು, ಬಿಡುವುದು. ಅವರ ಮನೆಯ ಮುಂದೆ ಇಳಿದು, ಮಾಸ್ಕು ತೆಗೆದು, 'ಈಗ ಹೋಯ್ತು ನೋಡಿ' ಎನ್ನುವುದು.

"ನಮ್ಮವಳು ಹೆಣಕ್ಕೂ ಉಸಿರು ಕೊಡ್ತಾಳೆ. ನನಗೆ ಮಾತ್ರ ಒಂದು ಬೀಡಿ ಕೊಡಲ್ಲ" ಎನ್ನುತ್ತಿದ್ದ ಏಣಿ.

"ನಿನ್ನ ಎದೆ ಕೇಳು ಬೀಡಿ ಬೇಕಾ ಅಂತ. ಕೆಮ್ಮಿದ್ರೆ ತಗಡು ಅದುರುತ್ತೆ."

"ಅದುರ್ಲಿ ಬಿಡೇ. ನಾನು ಸತ್ರೆ ನೀನಿದ್ದೀಯಲ್ಲ, ಚೀಲ ಹಿಡ್ಕೊಂಡು."

ಈ ಮಾತಿಗೆ ಅವರ ಮಗಳು ಸಿಡುಕುತ್ತಿದ್ದಳು. ಅಮ್ಮ ನಿಜವಾಗಿ ಜೀವ ಹಿಡಿದಿಡುತ್ತಾಳೆ ಎಂದೇ ಅವಳು ನಂಬಿದ್ದಳು. ಮಗಳು ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ. ಗುತ್ತಿಗೆಯವಳೇ. ಖಾಯಂ ಮಾಡುತ್ತೇವೆ ಎಂದು ಆಸೆ ಹುಟ್ಟಿಸಿದ್ದರು. ಗಂಡ ಬಿಟ್ಟುಹೋದವಳು. ಕಂಕುಳಲ್ಲಿ ಒಂದು ಹೆಣ್ಣು ಕೂಸು.

ಹೊಸ ಕಟ್ಟಡ ತೆರೆಯುವ ದಿನ ಬಂತು. ಗಾಜಿನ ಬಾಗಿಲು, ಹೂವಿನ ತೋರಣ, ಕೆಂಪು ಹಾಸು. ಹೊತ್ತು ಮೂಡಿದಾಗಿನಿಂದ ನೀರಕ್ಕ ಕಲ್ಲು ಉಜ್ಜುತ್ತಿದ್ದಳು. ದೊಡ್ಡವರು ಬರುವ ಹೊತ್ತಿಗೆ ಸರಿಯಾಗಿ ಹಿಂದಿನ ಮಲದ ಗುಂಡಿ ತುಂಬಿ ಉಕ್ಕಿತು. ವಾಸನೆ ಹೂವನ್ನು ದಾಟಿಕೊಂಡು ಮುಂಬಾಗಿಲಿಗೆ ಬಂತು. ಚಿಕ್ಕ ಡಾಕ್ಟರ್ ಕರವಸ್ತ್ರ ಮೂಗಿಗಿಟ್ಟು ಕಸದವರ ಸೂಪರ್‌ವೈಸರನನ್ನು ಬೈದ. ಸೂಪರ್‌ವೈಸರ ಓಡಿಬಂದು ಏಣಿಯನ್ನು ಹಿಡಿದ.

"ಇಳಿಯೋ. ಪೈಪ್ ಬಾಯಿಗೆ ಏನೋ ಕಟ್ಕೊಂಡಿದೆ."

"ಲಾರಿ ಕರೆಸಿ ಸಾ. ಎಳೆಯೋ ಮಿಷನ್ನು ಇದ್ಯಲ್ಲ."

"ಅದು ನಾಳೆ ಬರುತ್ತೆ. ವಾಸನೆ ಇವತ್ತು ಬರ್ತಿದೆ."

"ಎದೆ ಕಟ್ಟುತ್ತೆ ಸಾ. ವಯಸ್ಸಾಯ್ತು."

"ನಿನ್ನ ಮಗಳು ಖಾಯಂ ಆಗೋದು ಬೇಡ್ವಾ? ಚಿಕ್ಕ ಡಾಕ್ಟರ ಕಿವೀಲಿ ಎರಡು ಮಾತು ಹಾಕೋನು ನಾನೇ. ಹೇಗೆ ಹಾಕ್ಲಿ ಹೇಳು."

ಏಣಿ ಅಂಗಿ ಬಿಚ್ಚಿದ. "ಒಂದು ಏಣಿ ಆದ್ರೂ ಕೊಡಿ, ಇಳೀತೀನಿ."

"ನೀನೇ ಏಣಿ. ಏಣಿಗ್ಯಾಕೋ ಏಣಿ?"

ಸುತ್ತ ನಿಂತವರು ನಕ್ಕರು. ಏಣಿಯೂ ನಕ್ಕ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಅವನೇ ತೋಡಿದ್ದ ಗುಂಡಿಯನ್ನು ಮೂರು ಸಲ ಅಗೆದು ದೊಡ್ಡದು ಮಾಡಿದ್ದರು. ಅವನ ತಲೆಯೂ ಕಾಣದಷ್ಟು ಆಳ. ಹಗ್ಗ ಹಿಡಿದವನು ಮೋಟ, ಅವನ ಜೊತೆಯ ಕೆಲಸದವನು. ಒಂದು ಸಲ ಕೆಮ್ಮು ಕೇಳಿತು. ಇನ್ನೊಂದು ಸಲ ಕೇಳಲಿಲ್ಲ. ಮೋಟ ಹಗ್ಗ ಎಳೆದ. ಹಗ್ಗ ಭಾರವಾಗಿತ್ತು.

ಕೂಗು ಕೇಳಿ ನೀರಕ್ಕ ಬ್ರಷ್ಷು ಹಿಡಿದುಕೊಂಡೇ ಓಡಿದಳು. ಅವನನ್ನು ಮೇಲೆ ಹಾಕಿದ್ದರು. ಕಣ್ಣು, ಮೂಗು, ಬಾಯಿ ಏನೂ ಬೇರೆಯಾಗಿ ಕಾಣುತ್ತಿರಲಿಲ್ಲ. ಕೂತಳು. ಎದೆಯ ಮೇಲೆ ಕೈಯಿಟ್ಟಳು. ಕೈ ಜಾರಿತು. ಅವಳ ಬಾಯಿಂದ ಬಂತು:

"ಉಸಿರಿದೆ! ಉಸಿರಿದೆ, ಬೇಗ!"

ಅದು ಆಸೆಯೋ ಅಭ್ಯಾಸವೋ ಅವಳಿಗೇ ಗೊತ್ತಾಗಲಿಲ್ಲ. ಅಷ್ಟು ವರ್ಷ ಆ ಮಾತು ಆಡಿ ಆಡಿ ಅವಳ ನಾಲಗೆಗೆ ಬೇರೆ ಮಾತು ಉಳಿದಿರಲಿಲ್ಲ.

ನಾಲ್ಕು ಜನ ಹೊತ್ತು ಹಿಂಬಾಗಿಲಿಗೆ ತಂದರು. ಡ್ಯೂಟಿ ಡಾಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿದ. ಚಿಕ್ಕ ವಯಸ್ಸಿನವನು.

"ಈ ಸ್ಥಿತೀಲಿ ಒಳಗೆ ತರಬೇಡಿ. ಒಳಗೆಲ್ಲ ಆಪರೇಷನ್ ಪೇಷೆಂಟ್ಸ್ ಇದ್ದಾರೆ. ಮೊದಲು ತೊಳೀರಿ."

"ಉಸಿರು ನೋಡಿ ಸ್ವಾಮಿ! ಆಮೇಲೆ ತೊಳೀತೀನಿ, ನಾನೇ ತೊಳೀತೀನಿ!"

"ಮೊದಲು ತೊಳೀರಿ ಅಂದೆ."

ಕಾರು ತೊಳೆಯುವ ಪೈಪು ತಂದರು. ನೆಲದ ಮೇಲೆ ಮಲಗಿಸಿ ನೀರು ಬಿಟ್ಟರು. ನೀರು ಅವನ ಮುಖಕ್ಕೆ ಬಡಿಯಿತು. ಅವನು ಮುಖ ತಿರುಗಿಸಲಿಲ್ಲ. ನೀರಕ್ಕ ತನ್ನ ಸೆರಗಿನಿಂದ ಅವನ ಮೂಗು ಒರೆಸಿದಳು. ಬಾಯೊಳಗೆ ಬೆರಳು ಹಾಕಿ ತೆಗೆದಳು. ಮತ್ತೆ ತೆಗೆದಳು. ಆಮೇಲೆ ಡ್ಯೂಟಿ ಡಾಕ್ಟರ್ ಕೈಗವಸು ಹಾಕಿಕೊಂಡು ಬಂದು ಕುತ್ತಿಗೆ ಮುಟ್ಟಿದ. ಎದ್ದು ಸೂಪರ್‌ವೈಸರನನ್ನು ನೋಡಿದ. ನೋಡಿದ, ಅಷ್ಟೇ.

ಆ ನೋಟ ನೀರಕ್ಕನಿಗೆ ಗೊತ್ತಿತ್ತು. ಎಷ್ಟು ಹಾಸಿಗೆಗಳ ಪಕ್ಕ ನಿಂತು ಕಂಡಿದ್ದಳು! ಆ ನೋಟ ಮುಗಿದ ಮೇಲೆ ಅವಳನ್ನು ಕೂಗುತ್ತಿದ್ದರು.

ಈಗಲೂ ಕೂಗಿದರು.

"ನೀರಕ್ಕಾ, ವ್ಯಾನ್ ಬರ್ತಿದೆ, ಹತ್ತು. ಸರ್ಕಾರಿ ಆಸ್ಪತ್ರೆಗೆ. ಚೀಲ ತಗೋ."

ಅವಳು ಹತ್ತಿದಳು. ಮಾಸ್ಕು ಹಾಕಿದಳು. ಒತ್ತಿದಳು. ಅವನ ಎದೆ ಎದ್ದಿತು. ಬಿಟ್ಟಳು. ಇಳಿಯಿತು. ಎರಡನೆಯ ಸಲ ಒತ್ತಿದಳು. ವ್ಯಾನು ಗೇಟಿನ ಕಡೆ ತಿರುಗಿತು. ಗೇಟು ಕಾಣಿಸಿತು.

ಅವಳ ಕೈ ನಿಂತಿತು.

ಗೇಟು ದಾಟಿದರೆ ಅವನು ದಾರಿಯಲ್ಲಿ ಸತ್ತವನಾಗುತ್ತಾನೆ. ಗುಂಡಿ ಇರುವುದಿಲ್ಲ. ಪೈಪಿನ ನೀರು ಇರುವುದಿಲ್ಲ. ಏಣಿ ಈ ಕಟ್ಟಡದೊಳಗೆ ಯಾವತ್ತೂ ಇರಲೇ ಇಲ್ಲ ಎಂದಾಗುತ್ತದೆ. ಆ ಗೇಟು ದಾಟಿಸುವುದು ಹೇಗೆ ಎಂದು ಅವಳಷ್ಟು ಬಲ್ಲವರು ಯಾರು?

ಮಾಸ್ಕು ಕಿತ್ತಳು. ಚೀಲವನ್ನು ಕಾಲ ಕೆಳಗೆ ಹಾಕಿದಳು.

"ನಿಲ್ಸಪ್ಪ."

"ಏನ್ ನೀರಕ್ಕ?" ಡ್ರೈವರ್ ತಿರುಗಿ ನೋಡಿದ.

"ನಿಲ್ಸು ಅಂದೆ. ಒತ್ತಲ್ಲ ನಾನು. ಇವನು ಇಲ್ಲೇ ಸತ್ತಿದ್ದಾನೆ. ಇವರ ಗುಂಡೀಲಿ ಸತ್ತಿದ್ದಾನೆ. ಇಲ್ಲೇ ಅಂತ ಹೇಳೋವರೆಗೂ ಇವನು ಈ ಗೇಟು ದಾಟಲ್ಲ."

ಗೇಟಿನೊಳಗೆ ವ್ಯಾನು ನಿಂತಿತು. ಹಿಂಬಾಗಿಲು ತೆಗೆದು ಅವಳು ಅಡ್ಡ ಕೂತಳು. ಗಂಡನ ಒದ್ದೆ ಕಾಲು ತೊಡೆಯ ಮೇಲೆ ಇಟ್ಟುಕೊಂಡಳು. ಕಸದವರು ಪೊರಕೆ ಬಿಟ್ಟು ಬಂದು ದೂರದಲ್ಲಿ ನಿಂತರು. ಸೂಪರ್‌ವೈಸರ ಮೊದಲು ಬೈದ. ಆಮೇಲೆ ಕೈ ಮುಗಿದ. ಹೊರಗೆ ಅತಿಥಿಗಳ ಕಾರು ಬರುವ ಹೊತ್ತು.

"ನೀನೇ ತಾನೆ ಅಂದಿದ್ದು ಉಸಿರಿದೆ ಅಂತ? ಎಲ್ರೂ ಕೇಳಿದ್ದಾರೆ. ಏಯ್ ಮೋಟ, ಹೇಳೋ."

ಮೋಟ ನೆಲ ನೋಡಿದ. "ಅಂದ್ಲು ಸಾ."

"ನಾನು ಸಾವಿರ ಹೆಣಕ್ಕೆ ಅಂದಿದ್ದೀನಿ!" ಎಂದು ನೀರಕ್ಕ ಕಿರುಚಿದಳು. "ನೀವೇ ಅನ್ನಿಸಿದ್ದು. ಅಷ್ಟೂ ಸುಳ್ಳು. ಕರೀರಿ ದೊಡ್ಡ ಡಾಕ್ಟ್ರನ್ನ. ಅವರು ಬಂದು ಮುಟ್ಟಿ ನೋಡ್ಲಿ. ಅವರು ನನ್ನ ಮುಂದೆ ಹೇಳ್ಲಿ."

ದೊಡ್ಡ ಡಾಕ್ಟರು ಬಂದರು. ಮುಪ್ಪಾಗಿದ್ದರು. ಹೊಸ ಕೋಟು ತೊಟ್ಟಿದ್ದರು. ಹಿಂದೆ ಚಿಕ್ಕ ಡಾಕ್ಟರ್ ವಾಚು ನೋಡುತ್ತ ನಿಂತ. ಮಗಳೂ ಆಗಲೇ ಬಂದದ್ದು. ಹೆರಿಗೆ ವಾರ್ಡಿನಿಂದ, ಕೈಗೆ ರಕ್ತ ಹತ್ತಿಸಿಕೊಂಡೇ ಓಡಿಬಂದಿದ್ದಳು. ಅಪ್ಪನನ್ನು ನೋಡಿದಳು. ಕೆಳಗೆ ಬಿದ್ದ ಚೀಲ ನೋಡಿದಳು.

"ಅಮ್ಮಾ, ಯಾಕಮ್ಮ ಬಿಟ್ಟಿದ್ದೀಯ? ಒತ್ತಮ್ಮಾ!"

"ಹೋಗಿದೆ ಮಗಳೇ."

"ನೀನೇ ಉಸಿರಿದೆ ಅಂದ್ಯಂತೆ!"

"ಅಂದೆ. ನನ್ನ ನಾಲಗೆ ಬಿದ್ದುಹೋಗ್ಲಿ. ಹೋಗಿದೆ ಕಣೇ."

ನೀರಕ್ಕ ದೊಡ್ಡ ಡಾಕ್ಟರ ಕಡೆ ತಿರುಗಿದಳು. "ಡಾಕ್ಟ್ರಪ್ಪ, ನನಗೆ ಏನೂ ಬೇಡ. ಮುಟ್ಟಿ ನೋಡಿ. ಇಲ್ಲೇ ಹೋಗಿದೆ ಅಂತ ಒಂದು ಮಾತು ಹೇಳಿ. ನಿಮ್ಮ ಮೊದಲ ಗುಂಡಿ ತೋಡಿದವನು ಇವನು. ಆ ಒಂದು ಮಾತಿಗೆ ಯೋಗ್ಯ ಅಲ್ವಾ?"

ಡಾಕ್ಟರು ಕೋಟಿನ ತೋಳು ಮೇಲೆ ಸರಿಸಿದರು. ಕೈಗವಸು ಹಾಕಿಕೊಳ್ಳಲಿಲ್ಲ. ಬರಿಗೈಯಲ್ಲಿ ಏಣಿಯ ಕುತ್ತಿಗೆ ಮುಟ್ಟಿದರು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಕಣ್ಣಲ್ಲಿ ನೀರು ಬಂತು. ನೀರಕ್ಕನಿಗೆ ಕಂಡದ್ದು ಆ ನೀರು. ದೇವರು ಕೊನೆಗೂ ಬಾಯಿ ಬಿಡುತ್ತಾನೆ ಎಂದುಕೊಂಡಳು.

ಡಾಕ್ಟರು ಮಗನ ಮುಖ ನೋಡಿದರು. ಹೂವಿನ ತೋರಣ ನೋಡಿದರು. ಬಗ್ಗಿ, ಎಷ್ಟೋ ವರ್ಷಗಳ ಮೇಲೆ ಅವಳನ್ನು ಹಾಗೆ ಕರೆದರು.

"ಅಕ್ಕಾ, ಉಸಿರಿದೆ. ಬೇಗ ಹೊರಡಿ."



ಮಗಳು ಕೇಳಿದ್ದು ಅಷ್ಟೇ. ಉಸಿರಿದೆ. ದೊಡ್ಡ ಡಾಕ್ಟರೇ ಹೇಳಿದ್ದಾರೆ. ಅವಳು ತಾಯಿಯನ್ನು ತಳ್ಳಿ ಒಳಗೆ ಹತ್ತಿದಳು. ಚೀಲ ಎತ್ತಿಕೊಂಡಳು. ಒತ್ತಿದಳು. ಅಪ್ಪನ ಎದೆ ಎದ್ದಿತು. "ನೋಡು, ನೋಡು, ಉಸಿರಾಡ್ತಿದ್ದಾನೆ!" ಎಂದು ಅತ್ತಳು. ನೀರಕ್ಕ ಆ ಕೈ ಹಿಡಿಯಲು ಹೋದಳು. ಮಗಳು ಕಚ್ಚಿದಳು. ಮಗಳ ಮುಖದಲ್ಲಿದ್ದ ನಂಬಿಕೆಯನ್ನು ನೀರಕ್ಕ ನೂರಾರು ಮುಖಗಳಲ್ಲಿ ನೋಡಿದ್ದಳು. ಅದು ಎಂಥ ಗಟ್ಟಿ ಎಂದು ಅವಳಿಗೆ ಗೊತ್ತಿತ್ತು. ಅದರ ಮೇಲೇ ಏಳು ಮಹಡಿ ನಿಂತಿತ್ತು.

ಡ್ರೈವರ್ ಗಾಡಿ ಬಿಟ್ಟ. ವ್ಯಾನು ಗೇಟು ದಾಟಿತು. ಹಿಂದೆ ವಾದ್ಯ ಶುರುವಾಯಿತು.

ಸರ್ಕಾರಿ ಆಸ್ಪತ್ರೆಯವನು ಕಣ್ಣಿಗೆ ಬೆಳಕು ಬಿಟ್ಟು ನೋಡಿದ. "ತಂದಾಗಲೇ ಹೋಗಿದೆ. ದಾರೀಲಿ ಹೋಗಿರ್ಬೇಕು" ಎಂದ. "ಇಲ್ಲ ಸ್ವಾಮಿ, ಅಲ್ಲೇ ಹೋಗಿತ್ತು" ಎಂದಳು ನೀರಕ್ಕ. "ಅಲ್ಲಿ ಉಸಿರಿತ್ತು ಅಂತ ಅವರು ಹೇಳಿದ್ದಾರಮ್ಮ. ಅಲ್ವಾ?" ಎಂದು ಅವನು ಮಗಳನ್ನು ಕೇಳಿದ.

"ಇತ್ತು" ಎಂದಳು ಮಗಳು. "ಇವಳು ಕೈ ಬಿಟ್ಲು. ಅದಕ್ಕೇ ಹೋಯ್ತು."

ಸುಡುಗಾಡಿನಲ್ಲೂ ಅದೇ ಮಾತು. ಮನೆಗೆ ಬಂದ ಮೇಲೂ ಅದೇ. ನೀರಕ್ಕ ಹೇಳಿ ನೋಡಿದಳು, ಚೀಲ ಒತ್ತಿದರೆ ಯಾರ ಎದೆಯಾದರೂ ಏಳುತ್ತದೆ ಎಂದು. "ಹಾಗಾದ್ರೆ ಇಷ್ಟು ವರ್ಷ ನೀನು ಮಾಡಿದ್ದೇನು?" ಎಂದಳು ಮಗಳು. ನೀರಕ್ಕ ಪೊಲೀಸ್ ಠಾಣೆಗೆ ಹೋದಳು. ದಾರಿಯಲ್ಲಿ ಸತ್ತವನಿಗೆ ಆಸ್ಪತ್ರೆಯವರು ಏನು ಮಾಡುತ್ತಾರೆ ಎಂದರು. ಗುತ್ತಿಗೆದಾರನ ಹತ್ತಿರ ಹೋದಳು. ಏಣಿ ಎಂಬ ಆಳು ನನ್ನ ಕೈಕೆಳಗೆ ಇರಲೇ ಇಲ್ಲವಲ್ಲ ಎಂದ. ಮೋಟ ಊರು ಬಿಟ್ಟಿದ್ದ. ತಗಡಿನ ಸೂರಿಗೆ ಬೀಗ ಬಿತ್ತು. ಮಗಳನ್ನು ಖಾಯಂ ಮಾಡಿದರು. ಕೂಸಿನ ಜೊತೆ ಅವಳಿಗೆ ಒಂದು ಕೋಣೆ ಕೊಟ್ಟರು. ಆ ಕೋಣೆಯ ಬಾಗಿಲನ್ನು ಅವಳು ತಾಯಿಗೆ ತೆರೆಯಲಿಲ್ಲ.

ನೀರಕ್ಕ ಆಸ್ಪತ್ರೆಯ ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ಕೂತಳು. ಕಾವಲುಗಾರ ಓಡಿಸಿದರೆ ಎದುರುಗಡೆ ಕೂತಳು. ವ್ಯಾನು ಬಂದಾಗಲೆಲ್ಲ ಏಳುತ್ತಿದ್ದಳು. ಕಿಟಕಿಗೆ ಮುಖ ಹಚ್ಚಿ ಹೇಳುತ್ತಿದ್ದಳು, "ಉಸಿರಿಲ್ಲ. ಒಳಗೇ ಹೋಗಿದೆ. ಹಿಂದಕ್ಕೆ ತಿರುಗ್ಸಿ, ಇಲ್ಲೇ ಹೋಯ್ತು ಅಂತ ಅವ್ರ ಬಾಯಲ್ಲಿ ಹೇಳ್ಸಿ." ಯಾರೂ ತಿರುಗಲಿಲ್ಲ. ಒಬ್ಬ ಮಗ ಇಳಿದು ಬಂದು ಅವಳ ಕೆನ್ನೆಗೆ ಹೊಡೆದ. ಒಬ್ಬಳು ಹೆಂಡತಿ ಮಣ್ಣು ತೂರಿ ಶಾಪ ಹಾಕಿದಳು. ಅವರ ಮೇಲೆ ನೀರಕ್ಕನಿಗೆ ಸಿಟ್ಟು ಬರಲಿಲ್ಲ. ಎದೆ ಏಳುವುದನ್ನು ಕಣ್ಣಾರೆ ನೋಡುತ್ತಿರುವವರಿಗೆ ಇಲ್ಲ ಎನ್ನುವುದು ಕ್ರೂರ ಕೆಲಸ. ಆದರೂ ಬಿಡಲಿಲ್ಲ. ದೇವರ ಮುಂದೆ ಅವಳೀಗ ಏನನ್ನೂ ಕೇಳುತ್ತಿರಲಿಲ್ಲ. ಅವನು ಸುಮ್ಮನಿದ್ದರೆ ಒಪ್ಪಿದ್ದಾನೆ ಎಂದು ಅರ್ಥವಲ್ಲ, ಅಷ್ಟು ಮಾತ್ರ ತಿಳಿದಿತ್ತು.

ಒಂದು ಮಧ್ಯಾಹ್ನ ವ್ಯಾನು ಗೇಟಿನಲ್ಲಿ ನಿಂತಿತು. ರಸ್ತೆಯಲ್ಲಿ ಗಾಡಿ ಅಡ್ಡ ಬಂದಿತ್ತು. ನೀರಕ್ಕ ಎದ್ದು ಹತ್ತಿರ ಹೋದಳು. ಒಳಗೆ ಒಬ್ಬ ಮುದುಕ ಮಲಗಿದ್ದ. ಅವನ ಪಾದ ಹಿಡಿದುಕೊಂಡು ಒಬ್ಬ ಹುಡುಗಿ ಕೂತಿದ್ದಳು, ಮೊಮ್ಮಗಳಿರಬೇಕು. ತಲೆಯ ಹತ್ತಿರ ಕೂತು ಚೀಲ ಒತ್ತುತ್ತಿದ್ದವಳು ನೀರಕ್ಕನ ಮಗಳು. ಹೊಸ ಸಮವಸ್ತ್ರ ಹಾಕಿದ್ದಳು. ಒತ್ತುತ್ತಿದ್ದಳು, ಬಿಡುತ್ತಿದ್ದಳು. ಕೈ ನಡುಗುತ್ತಿರಲಿಲ್ಲ. ಅವಳು ಅಳುತ್ತಲೂ ಇರಲಿಲ್ಲ. ಆ ಕೈಯನ್ನು ನೋಡಿ ನೀರಕ್ಕನಿಗೆ ಅರ್ಥವಾಯಿತು. ಮಗಳಿಗೆ ಈಗ ಎಲ್ಲ ಗೊತ್ತಾಗಿದೆ.

"ಉಸಿರಿಲ್ಲ ತಾಯಿ" ಎಂದಳು ನೀರಕ್ಕ, ಆ ಹುಡುಗಿಗೆ. "ಒಳಗೇ ಹೋಗಿದೆ."

ಚೀಲ ಒತ್ತುವ ಕೈ ಒಂದು ಸಲ ತಪ್ಪಿತು.

ಹುಡುಗಿ ಹೆದರಿ ತಿರುಗಿದಳು. "ಯಾರಕ್ಕ ಇವಳು? ಏನಂತಿದ್ದಾಳೆ?"

ಮಗಳು ತಲೆ ಎತ್ತಲಿಲ್ಲ. ಕೈ ಮತ್ತೆ ಲಯಕ್ಕೆ ಬಂತು.

"ಯಾರೋ ಹುಚ್ಚಿ. ದಿನಾ ಇಲ್ಲೇ ಇರ್ತಾಳೆ" ಎಂದಳು. ಆಮೇಲೆ ಡ್ರೈವರನ ಕಡೆ ನೋಡಿ ಕೂಗಿದಳು, "ಹಾರನ್ ಹೊಡಿಯಣ್ಣ. ಉಸಿರಿದೆ, ಬೇಗ ಹೊರಡು."